ಆಳಿಗೊಂದು ಕಲ್ಲು

ಕರೇಕಲ್ಲಹಟ್ಟಿ ಪಂಚಾಯ್ತಿ, ನಡಾವಳಿ ಪುಸ್ತಕ.
ವಿಷಯ ಸಂಖ್ಯೆ ನಾಲ್ಕು: ತೋಳ.
ಮೂರನೆಯದು ಬೀದಿದೀಪ, ಎರಡೇ ನಿಮಿಷಕ್ಕೆ ಮುಗಿಯಿತು.
ಉರಿಯುವುದಿಲ್ಲ ಎಂಬುದರಲ್ಲಿ ಒಮ್ಮತವಿತ್ತು.

ಬರೆಯುವವನು ನಾನು, ಕರವಸೂಲಿಯ ಮೈಲಾರಿ.
ಮಾತಾಡುವ ಹಾಗಿಲ್ಲ.
ಕಿವಿಗೆ ಬಿದ್ದದ್ದಕ್ಕೆಲ್ಲ
"ಸಭೆಯು ಚರ್ಚಿಸಿತು" ಎಂದು ಇಸ್ತ್ರಿ ಹೊಡೆಯಬೇಕು.

ಮೊದಲು ಎದ್ದವನು ಕ್ಯಾತಲಿಂಗ:
"ಒಂದೇ ರಾತ್ರಿಗೆ ಏಳು ಮರಿ. ರೊಪ್ಪದ ಮುಳ್ಳು ಹಾರೈತೆ.
ತಿಂದಿದ್ದು ಒಂದು, ಮಿಕ್ಕವನ್ನ ಸುಮ್ಕೆ ಕಚ್ಚಿ ಬಿಸಾಕೈತೆ.
ಹೊಟ್ಟೆಗಾದ್ರೆ ತಿನ್ಲಿ ಸ್ವಾಮಿ, ಇದೇನು ಆಟ?"

ಅರಣ್ಯದ ಗಾರ್ಡು ಶಶಿರೇಖಾ, ಹೊನ್ನಾಳಿ ಕಡೆಯ ಹುಡುಗಿ,
ಕ್ಯಾಮೆರಾಕ್ಕೆ ಸಿಕ್ಕ ಲೆಕ್ಕ ಓದಿದಳು:
ಇಡೀ ಕಾವಲಿಗೆ ಹದಿನಾಲ್ಕು, ಮರಿ ಸೇರಿ.
ಹಿಂದಿನಿಂದ ಯಾರೋ: "ನಲವತ್ತವೆ."
ಇನ್ನೊಬ್ಬ: "ನಮ್ಮೋಣಿಯಾಗೇ ನಲವತ್ತವೆ, ಕಾಲು ಎರಡು, ಅಷ್ಟೇ."
ನಗು.
ನಗುವಿಗೆ ಅಂಕಣವಿಲ್ಲ.

ಪರಿಹಾರಕ್ಕೆ ಸತ್ತ ಕುರಿಯ ಫೋಟೋ ಬೇಕು ಎಂದಾಗ
ಬೋರಮ್ಮ ಕೂತಲ್ಲಿಂದಲೇ:
"ಹೊತ್ಕೊಂಡೋಗಿದ್ದಕ್ಕೆ ಫೋಟೋ ಎಲ್ಲಿಂದ ತರಾನವ್ವ,
ಸೊಲ್ಪ ನಿಂತ್ಕಳಪ್ಪ ಅಂತ ತ್ವಾಳನ್ನೇ ಕೇಳ್ಬೇಕು."

ಪಾಲಯ್ಯನದು ಒಂದೇ ಮಾತು. ಲೈಸೆನ್ಸಿನ ಬಂದೂಕು ಅವನದು.
"ವರ್ಷಕ್ಕೆ ಆರು. ಸರ್ಕಾರ ಚೀಟಿ ಕೊಡ್ಲಿ, ಗುಂಡು ನಂದು."
ಚಳ್ಳಕೆರೆಯಿಂದ ಬಂದ ಮೇಷ್ಟ್ರು ಕನ್ನಡಕ ಒರೆಸಿಕೊಂಡರು:
ತೋಳ ಹೋದರೆ ಹಂದಿ ಹೆಚ್ಚುತ್ತದೆ, ಶೇಂಗಾ ಹೊಲಕ್ಕೆ ನುಗ್ಗುತ್ತದೆ...
"ನುಗ್ಗಿ ಎರಡು ವರ್ಷಾತು ಸಾ."

ಆಗ ದೊಡ್ಡೀರಜ್ಜ, ಕಂಬಳಿಯೊಳಗಿಂದ:
"ನಮ್ಮಪ್ಪ ನೂರಕ್ಕೊಂದು ಅದರ ಪಾಲು ಅಂತ ಬಿಡೋನು."
ಮೊಮ್ಮಗ ಕಾಟಲಿಂಗನಿಗೆ ಸಿಟ್ಟು ಬಂತು:
"ನಿಮ್ಮಪ್ಪಂಗೆ ಮುನ್ನೂರಿದ್ವು, ಮೇಯಾಕೆ ಕಾವಲಿತ್ತು.
ಈಗ ಕಾವಲಿಗೆ ಬೇಲಿ. ನಂಗೆ ಇಪ್ಪತ್ತೆರಡು ಕುರಿ.
ನೂರಕ್ಕೊಂದು ಅಂದ್ರೆ ಕಾಲು ಕುರಿನೂ ಆಗಕಿಲ್ಲ.
ಒಂದು ಕಾಲು ಕಡಿದು ಬೇಲಿ ಮೇಲೆ ಇಡಾನ?"

ಅಜ್ಜ ಉತ್ತರ ಕೊಡಲಿಲ್ಲ.
ಬೇಲಿಯ ಮಾತಿಗೆ ವೇದಿಕೆಯೂ ಉತ್ತರ ಕೊಡಲಿಲ್ಲ.

ಕೈ ಎತ್ತಿಸಿದರು.
ಹೊಡೆಯಲು ಅನುಮತಿ ಕೇಳಬೇಕೆಂದವರು ಹತ್ತೊಂಬತ್ತು.
ಬೇಡವೆಂದವರು ಹನ್ನೊಂದು.
ಬೋರಮ್ಮ ಎರಡು ಸಲವೂ ಎತ್ತಿದಳು.
ಯಾವುದಕ್ಕೆ ಬರೆಯಲಿ ಎಂದರೆ,
"ಎರಡೂ ನಿಜ ಕಣಪ್ಪ, ಬರ್ಕ."

ನನ್ನ ಕೈ ಪೆನ್ನು ಹಿಡಿದಿತ್ತು.

ಎಂಟು ವರ್ಷದವನಿದ್ದಾಗ ಊರಾಚೆಯ ಪಾಳು ಬಾವಿಗೆ
ಒಂದು ಹೆಣ್ಣು ತೋಳ ಬಿದ್ದಿತ್ತು.
ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಅನ್ನುತ್ತಾರಲ್ಲ,
ಅವತ್ತು ಅದು ಗಾದೆಯಾಗಿರಲಿಲ್ಲ.
ಊರೇ ಸುತ್ತ ನಿಂತಿತ್ತು. ಅಪ್ಪ ನನ್ನ ಅಂಗೈಗೂ
ಒಂದು ಬೆಣಚುಕಲ್ಲು ಇಟ್ಟ, ಪ್ರಸಾದದ ಹಾಗೆ.
ಅದು ಊಳಿಡಲಿಲ್ಲ. ಪ್ರತಿ ಕಲ್ಲಿಗೂ ತಲೆ ಎತ್ತಿ
ಎಸೆದವನ ಮುಖ ನೋಡುತ್ತಿತ್ತು.
ನನ್ನ ಕಲ್ಲು ತಗುಲಿತೋ ಇಲ್ಲವೋ.
ಬಿದ್ದ ಸದ್ದು ಇನ್ನೂ ಮೇಲೆ ಬಂದಿಲ್ಲ.

ಆಮೇಲೆ ನಮ್ಮ ಕಡೆ ಊಳು ಕೇಳಿದ್ದು
ಮೂವತ್ತು ವರ್ಷ ಬಿಟ್ಟು, ಹೋದ ಮಾಗಿಯಲ್ಲಿ.
ಗುಡ್ಡದ ಮೇಲೆ ಗಾಳಿಫ್ಯಾನುಗಳ ಕೆಂಪು ದೀಪ ಮಿಣುಕುತ್ತಿತ್ತು.
ಹಾಸಿಗೆಯಲ್ಲಿ ಎದ್ದು ಕೂತೆ. ಹೆದರಿಕೆಯಾಯಿತು, ಸುಳ್ಳೇಕೆ.
ಹೆದರಿಕೆಯ ಕೆಳಗೆ ಇನ್ನೊಂದೇನೋ ಇತ್ತು:
ಸತ್ತನೆಂದು ನಂಬಿದ್ದ ಸಾಲಗಾರ ಒಬ್ಬ
ಬದುಕಿದ್ದಾನೆ, ಇಲ್ಲೇ ಪಕ್ಕದೂರಿನಲ್ಲಿದ್ದಾನೆ
ಎಂದು ಗೊತ್ತಾದ ಹಾಗೆ.
ಯಾರು ಯಾರಿಗೆ ಕೊಡಬೇಕಿತ್ತು, ಅದು ಮಾತ್ರ ನೆನಪಿಲ್ಲ.

"ಸಭೆಯು ದೀರ್ಘವಾಗಿ ಚರ್ಚಿಸಿ
ಮೇಲಧಿಕಾರಿಗಳಿಗೆ ಬರೆಯಲು ತೀರ್ಮಾನಿಸಿತು."
ಹತ್ತೊಂಬತ್ತು. ಹನ್ನೊಂದು. ಬೋರಮ್ಮ, ಎರಡೂ ಕಡೆ.

ವಿಷಯ ಸಂಖ್ಯೆ ಐದು:
ಪಾಳು ಬಾವಿಗಳನ್ನು ಮುಚ್ಚಿಸುವುದು.
ತಲೆ ಎತ್ತಿದರೆ ಟೀ ಲೋಟಗಳಷ್ಟೇ ಉಳಿದಿದ್ದವು.
ಕೋರಂ ಇಲ್ಲ. ಮುಂದಿನ ಸಭೆಗೆ.